ಬಸವನಬೆನ್ನಿನ ಮೇಲೆ ರಾಕ್ ಶೂಟಿಂಗ್

ಶನಿವಾರಸಂತೆಯ ಪೇಟೆಬೀದಿಯಲ್ಲಿ ಟಾರ್ಪಾಲು, ಹಗ್ಗ, ಕಾಫಿ ಕೊಯ್ಯುವ ಚೀಲ ಮಾರುವ ಪರಮೇಶಪ್ಪನವರ ಅಂಗಡಿಗೆ ಹೋದ ಯಾರೂ ಬರಿಗೈಯಲ್ಲಿ ವಾಪಸು ಬಂದದ್ದಿಲ್ಲ. ಕೇಳಿದ ಸಾಮಾನು ಅಂಗಡಿಯಲ್ಲಿ ಇಲ್ಲದಿದ್ದರೆ "ನಾಳೆ ಬರ್ತದೆ" ಅನ್ನುವರು. ಸಕಲೇಶಪುರಕ್ಕೋ ಹಾಸನಕ್ಕೋ ಪಿಕಪ್ ಓಡಿಸಿ ನಿಜವಾಗಿಯೂ ತಂದಿಡುವರು. ಇಂಥ ಮನುಷ್ಯನ ನಾಲಿಗೆಗೆ ಎರಡೇ ಎರಡು ಮಾತು ಒಗ್ಗಿರಲಿಲ್ಲ. ಒಂದು 'ಆಗಲ್ಲ', ಇನ್ನೊಂದು 'ಗೊತ್ತಿಲ್ಲ'. ಮೊದಲನೆಯದು ಬಾರದ್ದರಿಂದ ಊರಿಗೆ ಬೇಕಾದಷ್ಟು ಉಪಕಾರವಾಗಿತ್ತು. ಎರಡನೆಯದು ಬಾರದ್ದರಿಂದ ಆದದ್ದನ್ನು ಹೇಳುತ್ತೇನೆ.

ಅವರ ಮಗಳು ಸುಧಾ ಮಡಿಕೇರಿಯಲ್ಲಿ ಡಿಗ್ರಿ ಓದುತ್ತಿದ್ದಳು. ಹಾಡುತ್ತಿದ್ದಳು ಕೂಡ. ಕಾಲೇಜಿನ ಮೂವರು ಸ್ನೇಹಿತರ ಜೊತೆ ಸೇರಿ ಒಂದು ಬ್ಯಾಂಡ್ ಕಟ್ಟಿಕೊಂಡಿದ್ದಳು. ಅದರ ಹೆಸರು 'ಕಾಡುಮೆಣಸು'. ಅಂತರಕಾಲೇಜು ಸ್ಪರ್ಧೆಗೆ ತಮ್ಮದೇ ಹಾಡಿನ ವಿಡಿಯೊ ಕಳಿಸಬೇಕೆಂದು ನಾಲ್ವರೂ ಒಂದು ರಜಾದಿನ ಪರಮೇಶಪ್ಪನವರ ಮನೆ ಜಗಲಿಯಲ್ಲಿ ಕಲೆತರು. ಗಿಟಾರಿನ ಕೀರ್ತಿಕುಮಾರ್ ಎಸ್ಟೇಟಿನವರ ಮಗ. ಡ್ರಮ್ಸ್ ಬಾರಿಸುವ ಹಂಸಿನಿ ಮಡಿಕೇರಿಯ ಅರ್ಚಕರ ಮನೆಯ ಹುಡುಗಿ. ಕ್ಯಾಮೆರಾ ಶಿಶಿರ್‌ನದು. ಹಾಡಿನ ಒಂದೊಂದು ಸಾಲಿಗೂ ಕ್ಯಾಮೆರಾ ಎಲ್ಲಿರಬೇಕು, ಬಿಸಿಲು ಯಾವ ಕಡೆಯಿಂದ ಬೀಳಬೇಕು ಅನ್ನುವುದನ್ನೆಲ್ಲ ಅವರು ಮೊದಲೇ ಚಿತ್ರ ಬರೆದಿಟ್ಟಿದ್ದರು. ಜಗಲಿ ತುಂಬ ಕಾಗದ ಹರಡಿಕೊಂಡು, ಸುಧಾಳ ತಾಯಿ ರುದ್ರಮ್ಮ ಕೊಟ್ಟ ಅಕ್ಕಿರೊಟ್ಟಿಯನ್ನು ತಣ್ಣಗೆ ಮಾಡಿಕೊಂಡು, ಮೊಳ ಹಾಕುವವರ ಹಾಗೆ ಕೈಯಳತೆ ನೋಡುತ್ತ ವಾದ ಮಾಡುತ್ತಿದ್ದರು. ಪರಮೇಶಪ್ಪ ಬಾಗಿಲಲ್ಲಿ ನಿಂತು ಅದನ್ನು ನೋಡಿ ಬೆರಗಾದರು. ಅವರ ಮದುವೆಗೂ ಇಷ್ಟು ತಯಾರಿ ನಡೆದಿರಲಿಲ್ಲ.

"ಜಾಗದ್ದೇ ತೊಂದರೆ ಅಂಕಲ್," ಎಂದ ಕೀರ್ತಿಕುಮಾರ್. "ನಮ್ಮ ಕಾಫಿ ಕಣದಲ್ಲಿ ಮಾಡೋಣ ಅಂತಿದ್ವಿ. ಈಗ ಪಿಕಿಂಗ್ ನಡೀತಿದೆ, ಕಣದ ತುಂಬ ಕಾಫಿ ಹರಡಿದ್ದಾರೆ. ಕಾಲಿಟ್ರೆ ಅಪ್ಪ ಕಾಲು ಮುರೀತಾರೆ."

"ಎಂಥ ಜಾಗ ಬೇಕು ಹೇಳು. ನಾನು ನೋಡ್ತೀನಿ."

"ರಾಕ್ ವಿಡಿಯೊ ಅಲ್ವಾ ಅಂಕಲ್. ನೋಡಿದ ಕೂಡಲೇ ರಾಕ್ ಅನ್ನಿಸ್ಬೇಕು. ಗಟ್ಟಿಯಾಗಿರ್ಬೇಕು."

"ಅಪ್ಪ, ನೀವೇ ನಮ್ಮ ಪ್ರೊಡಕ್ಷನ್ ಮ್ಯಾನೇಜರ್ ಆಗಿಬಿಡಿ," ಎಂದಳು ಸುಧಾ. "ಜಾಗ, ಗಾಡಿ, ಪರ್ಮಿಷನ್ ಎಲ್ಲ ನಿಮ್ಮದು. ಮುಂದಿನ ಭಾನುವಾರ ಶೂಟಿಂಗ್."

ಪರಮೇಶಪ್ಪನವರ ಬೆನ್ನು ತಾನಾಗಿ ನೆಟ್ಟಗಾಯಿತು. 'ರಾಕ್ ಅಂದರೆ ಏನು' ಎಂದು ಆಗಲೇ ಕೇಳಬಹುದಾಗಿತ್ತು. ಆದರೆ ಮ್ಯಾನೇಜರ್ ಆದ ಮೇಲೆ ಕೇಳುವುದು ಹೇಗೆ? ಅದೂ ಅಲ್ಲದೆ, ರಾಕ್ ಅಂದರೆ ಬಂಡೆ ಎಂಬುದು ಏಳನೇ ಕ್ಲಾಸಿನಲ್ಲೇ ಅವರಿಗೆ ಗೊತ್ತಿತ್ತು. ಮಕ್ಕಳು ಬಂಡೆಯ ಮೇಲೆ ಒಂದು ಹಾಡು ಕಟ್ಟಿದ್ದಾರೆ. ಕಟ್ಟಲಿ ಪಾಪ, ಹೂವಿನ ಮೇಲೆ ನದಿಯ ಮೇಲೆ ಎಲ್ಲರೂ ಕಟ್ಟುತ್ತಾರೆ, ಬಂಡೆಯನ್ನು ಕೇಳುವವರು ಯಾರು, ಎಂದು ಅವರಿಗೆ ಮೆಚ್ಚಿಕೆಯೇ ಆಯಿತು.

"ಗಟ್ಟಿ ತಾನೆ? ಬಿಡು," ಎಂದರು.

ಮಾರನೆಯ ದಿನದಿಂದ ಅವರು ಬಂಡೆ ಹುಡುಕತೊಡಗಿದರು. ಹೆಣ್ಣು ನೋಡಲು ಹೋಗುವವರ ಹಾಗೆ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಪಿಕಪ್‌ನಲ್ಲಿ ಹೊರಡುವರು. ಕೊಡ್ಲಿಪೇಟೆ ಕಡೆಯದೊಂದು ಬಂಡೆ ದಪ್ಪವಾಗಿತ್ತು, ಆದರೆ ಅದರ ಮೇಲೆ ಯಾರೋ ಗುಟ್ಕಾ ಜಾಹೀರಾತು ಬರೆದಿದ್ದರು. ಸೋಮವಾರಪೇಟೆ ದಾರಿಯದು ಚೆನ್ನಾಗಿತ್ತು, ಆದರೆ ತಟ್ಟಿ ನೋಡಿದರೆ ಪೊಳ್ಳು ಸದ್ದು ಬಂತು. ಕೀರ್ತಿಕುಮಾರ್ ಗಟ್ಟಿ ಎಂದು ಬೇರೆ ಒತ್ತಿ ಹೇಳಿದ್ದ. ಕೊನೆಗೆ ನೇರಳೆಕೊಪ್ಪಲು ಎಂಬ ಹಳ್ಳಿಯ ನೆತ್ತಿಯ ಮೇಲೆ ಬಸವನಬೆನ್ನು ಸಿಕ್ಕಿತು. ಕಾಲು ಮಡಚಿ ಮಲಗಿದ ಬಸವನ ಹಾಗೆ ಇಷ್ಟಗಲಕ್ಕೆ ಚಾಚಿಕೊಂಡ ಕರೀ ಹಾಸುಬಂಡೆ. ಮೇಲೆ ನಿಂತರೆ ಪುಷ್ಪಗಿರಿಯ ತನಕ ಬೆಟ್ಟದ ಹಿಂದೆ ಬೆಟ್ಟ. ಬುಡದಲ್ಲಿ ಒಂದು ಒರತೆ. ಊರಿಗೆಲ್ಲ ಅದೇ ನೀರು. ಪರಮೇಶಪ್ಪ ಬಂಡೆಯನ್ನು ಅಂಗೈಯಿಂದ ತಟ್ಟಿದರು, ಕಲ್ಲಿನಿಂದ ಕುಟ್ಟಿದರು, ಕೊನೆಗೆ ಎರಡು ಸಲ ಕುಪ್ಪಳಿಸಿಯೂ ನೋಡಿದರು. ಕೆಳಗೆ ದನ ಮೇಯಿಸುತ್ತಿದ್ದವರು ಇದನ್ನೆಲ್ಲ ಕಣ್ಣು ಪಿಳುಕಿಸದೆ ನೋಡಿದರು.

ಅಲ್ಲಿಂದ ನೇರ ಗ್ರಾಮ ಆಡಳಿತಾಧಿಕಾರಿ ಅಶ್ವಥ್ ಅವರ ಕಚೇರಿಗೆ. ಅಶ್ವಥ್ ಹೊಸಬ, ಎಚ್ಚರದ ಮನುಷ್ಯ. ಮಳೆಗೆ ಗುಡ್ಡಗಳು ಜರಿದ ಆ ವರ್ಷಗಳ ನಂತರ ಕೊಡಗಿನಲ್ಲಿ ಯಾರಾದರೂ ಬೆಟ್ಟದ ಮಾತೆತ್ತಿದರೆ ಅವರ ಕಿವಿ ನಿಮಿರುತ್ತಿತ್ತು.

"ಸಾರ್, ಬಸವನಬೆನ್ನಿನ ಮೇಲೆ ರಾಕ್ ಶೂಟಿಂಗ್ ಮಾಡೋಣ ಅಂತ," ಎಂದರು ಪರಮೇಶಪ್ಪ.

ಅಶ್ವಥ್ ಪೆನ್ನು ಕೆಳಗಿಟ್ಟರು. "ಶೂಟಿಂಗ್ ಅಂದ್ರೆ?"

"ಜಾಸ್ತಿ ಹೊತ್ತು ಹಿಡಿಯಲ್ಲ. ಬೆಳಿಗ್ಗೆ ಶುರು ಮಾಡಿದ್ರೆ ಸಂಜೆ ಒಳಗೆ ಎಲ್ಲ ಕ್ಲಿಯರ್."

"ಒಂದೇ ದಿನದಲ್ಲಾ? ಅಷ್ಟು ದೊಡ್ಡ ಬಂಡೇನ?"

"ಹುಡುಗರು ಭಾರಿ ಚುರುಕು ಸಾರ್. ಎಲ್ಲಿಂದ ಹೊಡೀಬೇಕು, ಎಲ್ಲಿಗೆ ಹೊಡೀಬೇಕು ಎಲ್ಲ ಚಿತ್ರ ಬರ್ದು ಇಟ್ಕಂಡವ್ರೆ."

"ಸದ್ದು ಆಗ್ತದಲ್ರೀ?"

"ಸದ್ದು ಇಲ್ದೆ ಆಗ್ತದಾ! ಬೆಟ್ಟ ನಡುಗಬೇಕು ಅಂತಾನೇ ಅವರ ಆಸೆ." ಪರಮೇಶಪ್ಪ ಹೆಮ್ಮೆಯಿಂದ ನಕ್ಕರು. "ಹೊಗೇನೂ ಬರ್ತದೆ. ಮೈಸೂರಿಂದ ತರಿಸ್ತಾ ಇದೀವಿ."

"ಡ್ರಮ್ಮು ಗಿಮ್ಮು..." ಅಶ್ವಥ್ ಸುತ್ತ ನೋಡಿ ದನಿ ತಗ್ಗಿಸಿದರು. ಅವರು ಕೇಳುತ್ತಿದ್ದುದು ಡ್ರಮ್ಮಿನಲ್ಲಿ ತುಂಬಿ ತರುವ ಸಿಡಿಮದ್ದಿನ ವಿಚಾರ.

"ದೊಡ್ಡ ಡ್ರಮ್ಮು ಒಂದು, ಸಣ್ಣವು ಒಂದು ನಾಕೈದು. ಹಂಸಿನಿ ಅಂತ ಒಂದು ಹುಡುಗಿ ಅವ್ಳೆ ಸಾರ್, ಅರ್ಚಕರ ಮನೆಯೋಳು. ಅವಳು ಹೊಡೆದ್ರೆ ಎದೆ ಒಡೆದು ಹೋಗ್ಬೇಕು!"

"ಯಾವ ಕಂಪನಿ?"

"ಕಾಡುಮೆಣಸು."

ಅಶ್ವಥ್ ಬೆವರು ಒರೆಸಿಕೊಂಡರು. ಮೇಲಿನವರ ಬೆಂಬಲ ಇಲ್ಲದೆ ಇಷ್ಟು ಧೈರ್ಯವಾಗಿ ಯಾರೂ ಮಾತಾಡುವುದಿಲ್ಲ ಎಂದು ಅವರ ಲೆಕ್ಕ. "ವಿಚಾರಿಸಿ ಹೇಳ್ತೀನಿ" ಅಂದರು. ಅದನ್ನು ಪರಮೇಶಪ್ಪ ಒಪ್ಪಿಗೆ ಎಂದೇ ತಿಳಿದು, ಕೈ ಮುಗಿದು, "ಭಾನುವಾರ ತಾವೂ ಬರ್ಬೇಕು, ಮನೆಯವರನ್ನೂ ಕರ್ಕೊಂಡು ಬನ್ನಿ, ಹತ್ತಿರದಿಂದ ನೋಡ್ಬೋದು" ಎಂದು ಆಹ್ವಾನಿಸಿ ಬಂದರು.

ಸಂಜೆಯೊಳಗೆ ನೇರಳೆಕೊಪ್ಪಲಿನ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಹೀಗಿತ್ತು: ಬಸವನಬೆನ್ನು ಒಡೆಯುತ್ತಾರೆ. ಮರುದಿನ ಹೊತ್ತಿಗೆ ಕ್ರಷರ್ ಬರುತ್ತದೆ ಎಂದಾಯಿತು. ಅದರ ಮರುದಿನ ಕಾಡುಮೆಣಸು ಎಂಬ ಕಂಪನಿಯ ಸಾಹುಕಾರ ದುಬೈಯಲ್ಲಿದ್ದಾನೆ ಎಂಬುದೂ ಗೊತ್ತಾಯಿತು. ಅವನ ಫೋಟೊ ನೋಡಿದ್ದೇನೆ ಎನ್ನುವವರೂ ಸಿಕ್ಕಿದರು.

ಪರಮೇಶಪ್ಪನವರಿಗೆ ಇದಾವುದೂ ತಿಳಿಯಲಿಲ್ಲ. ನೇರಳೆಕೊಪ್ಪಲಿನ ಗಿರಾಕಿಗಳು ಅಂಗಡಿ ಮುಂದೆ ಮುಖ ತಿರುಗಿಸಿ ಹೋಗುವುದು ಕಂಡಿತು. ದೊಡ್ಡ ಕೆಲಸಕ್ಕೆ ಕೈ ಹಾಕಿದವನ ಮೇಲೆ ಹೊಟ್ಟೆಕಿಚ್ಚು ಸಹಜ ಎಂದು ಸುಮ್ಮನಾದರು. ಮನೆ ಕಟ್ಟಿಸುತ್ತಿದ್ದ ರುದ್ರಮ್ಮನ ತಮ್ಮ ಮಾತ್ರ ಹಣ್ಣಿನ ಬುಟ್ಟಿ ಹಿಡಿದು ಬಂದ.

"ಭಾವ, ಬಸವನಬೆನ್ನಿಂದು ಮೊದಲ ಎರಡು ಲೋಡು ಜಲ್ಲಿ ನನಗೇ ಕೊಡಿಸ್ಬೇಕು."

ಪರಮೇಶಪ್ಪನವರಿಗೆ ಜಲ್ಲಿಗೂ ಹಾಡಿಗೂ ಏನು ಸಂಬಂಧ ಎಂಬುದು ಹೊಳೆಯಲಿಲ್ಲ. ಆದರೂ 'ಆಗಲ್ಲ' ಎನ್ನುವ ಅಭ್ಯಾಸವಿಲ್ಲವಲ್ಲ. "ಭಾನುವಾರ ಮುಗೀಲಿ, ನೋಡೋಣ," ಎಂದರು.

ಆತ ಆ ಮಾತನ್ನು ಊರೆಲ್ಲ ಹೇಳಿಕೊಂಡು ಬಂದ. ಗುಮಾನಿ ಇದ್ದವರಿಗೂ ಈಗ ಖಾತ್ರಿಯಾಯಿತು.

ಒಳಗಿದ್ದ ರುದ್ರಮ್ಮ ಹೊರಗೆ ಬಂದು, "ರೀ, ನೀವು ಏನು ಮಾಡೋಕೆ ಹೊರಟಿದೀರಿ ಅಂತ ನಿಮಗೆ ಗೊತ್ತೈತಾ?" ಎಂದು ಕೇಳಿದರು.

"ಪ್ರೊಡಕ್ಷನ್," ಎಂದರು ಪರಮೇಶಪ್ಪ. ರುದ್ರಮ್ಮ ಬಾಳೆಹಣ್ಣು ಒಳಗೆ ತೆಗೆದುಕೊಂಡು ಹೋದರು.

ಭಾನುವಾರ ಬೆಳಿಗ್ಗೆ ಮಂಜು ಇನ್ನೂ ಕಾಫಿ ಗಿಡಗಳ ಮೇಲೇ ಇತ್ತು. ಟಾರ್ಪಾಲು ಹೊದಿಸಿದ ಪಿಕಪ್ ಮುಂದೆ, ಮಕ್ಕಳ ಜೀಪು ಹಿಂದೆ. ಪರಮೇಶಪ್ಪನವರ ಏರ್ಪಾಡಿನಲ್ಲಿ ಒಂದೂ ಕೊರತೆ ಹೇಳುವಂತಿರಲಿಲ್ಲ. ಕುಡಿಯುವ ನೀರು, ಕೊಡೆ, ಜಾರದಂತೆ ಹಾಸಲು ಗೋಣಿ, ಹಗ್ಗ, ಗಾಯಕ್ಕೆ ಅರಿಶಿನ, ಮೈಸೂರಿನಿಂದ ತರಿಸಿದ ಹೊಗೆಬತ್ತಿ, ಯಾರೂ ಕೇಳದಿದ್ದರೂ ಒಂದು ಜನರೇಟರು, ಜೊತೆಗೆ ರುದ್ರಮ್ಮನ ಕೈಯ ಪುಳಿಯೋಗರೆ ಮತ್ತು ಸ್ವತಃ ರುದ್ರಮ್ಮ. ಕೊನೆಯ ತಿರುವಿನಿಂದ ಮುಂದೆ ಗಾಡಿ ಹೋಗುವುದಿಲ್ಲ. ಎಲ್ಲರೂ ನಡೆದು ಮೇಲೆ ಹತ್ತಿದರು. ಪರಮೇಶಪ್ಪ ಬಂಡೆಯ ನಡುವೆ ನಿಂತು, ಮದುಮಗಳ ಸೆರಗು ಸರಿಸುವವರ ಹಾಗೆ ಕೈ ಬೀಸಿ ತೋರಿಸಿದರು.

"ತಗೊಳ್ಳಿ. ಇಡೀ ತಾಲೂಕಿನಲ್ಲಿ ಇದಕ್ಕಿಂತ ಗಟ್ಟಿ ರಾಕ್ ಇಲ್ಲ. ನಾನೇ ಕುಟ್ಟಿ ನೋಡೀನಿ."

ಕೀರ್ತಿಕುಮಾರ್ ಸುಧಾಳ ಮುಖ ನೋಡಿದ. ಸುಧಾ ಹಂಸಿನಿಯ ಮುಖ ನೋಡಿದಳು. ಶಿಶಿರ್‌ಗೆ ಮೊದಲು ಅರ್ಥವಾಯಿತು; ಅವನು ಕ್ಯಾಮೆರಾ ಚೀಲದೊಳಗೆ ಮುಖ ಹುದುಗಿಸಿ ನಗತೊಡಗಿದ.

"ಅಂಕಲ್, ರಾಕ್ ಅಂದ್ರೆ ಅದೊಂದು ಥರದ ಸಂಗೀತ," ಎಂದಳು ಹಂಸಿನಿ ಮೆಲ್ಲಗೆ. "ಅದಕ್ಕೆ ಬಂಡೆ ಬೇಕಾಗಿಲ್ಲ."

"ಮತ್ತೆ ಗಟ್ಟಿ ಅಂದದ್ದು?"

"ನಾನು ಹೇಳಿದ್ದು... ಹಳೇ ಗೋಡೌನು, ರೈಸ್ ಮಿಲ್ಲು, ಆ ಥರ," ಎಂದ ಕೀರ್ತಿಕುಮಾರ್.

ಪರಮೇಶಪ್ಪ ಒಮ್ಮೆ ಬಂಡೆಯನ್ನು ನೋಡಿದರು, ಒಮ್ಮೆ ಮಗಳನ್ನು. ಸುಧಾ ಮಾತ್ರ ನಗುತ್ತಿರಲಿಲ್ಲ. ವಿಡಿಯೊ ಕಳಿಸಲು ಮರುದಿನವೇ ಕೊನೆ. ಅಪ್ಪ ಇರುವಾಗ ಜಾಗದ ಚಿಂತೆ ಬೇಡ ಎಂದು ವಾರವಿಡೀ ಸ್ನೇಹಿತರ ಬಾಯಿ ಮುಚ್ಚಿಸಿದವಳು ಅವಳೇ. ಅವಳು ನಿಧಾನವಾಗಿ ಬಂಡೆಯ ಅಂಚಿಗೆ ನಡೆದಳು. ಅಷ್ಟರಲ್ಲಿ ಗಾಳಿ ಎದ್ದು ಮಂಜು ಕೆಳಗಿನಿಂದ ಸರಿಯತೊಡಗಿತು. ಮೊದಲು ಹತ್ತಿರದ ಮರಗಳು, ಆಮೇಲೆ ಗದ್ದೆ, ಆಮೇಲೆ ಒಂದರ ಹಿಂದೆ ಒಂದು ಬೆಟ್ಟಗಳೆಲ್ಲ ಎದ್ದು ನಿಂತವು.

ನಗುತ್ತಿದ್ದ ಶಿಶಿರ್ ನಗು ನಿಲ್ಲಿಸಿ ಕ್ಯಾಮೆರಾ ಹೊರಗೆ ತೆಗೆದ. "ಯಾರೂ ಅಲ್ಲಾಡ್ಬೇಡಿ," ಎಂದ. "ರೈಸ್ ಮಿಲ್ಲು ಯಾರಿಗೆ ಬೇಕು ಮಾರಾಯ!"

ಆದರೆ ಅಲ್ಲಾಡದೆ ಇರುವಂತಿರಲಿಲ್ಲ. ಕೆಳಗಿನಿಂದ ದೊಡ್ಡ ಗದ್ದಲ ಕೇಳಿಸಿತು. ನೇರಳೆಕೊಪ್ಪಲಿನ ಹೆಂಗಸರು ಗಂಡಸರೆಲ್ಲ ಕೋಲು, ಕತ್ತಿ, ತಗಡಿನ ಡಬ್ಬ ಹಿಡಿದು ಹತ್ತಿ ಬರುತ್ತಿದ್ದರು. ಮುಂದೆ ಗುರುಸಿದ್ದಮ್ಮ. ಎರಡು ಸಲ ಪಂಚಾಯಿತಿ ಮೆಂಬರಾಗಿದ್ದಾಕೆ. ಕಾಫಿ ತೋಟಕ್ಕೆ ಆನೆ ಇಳಿದರೆ ಈಕೆಯ ಕೂಗಿಗೇ ಅದು ವಾಪಸು ಹೋಗುತ್ತದೆ ಎಂಬ ಪ್ರತೀತಿ. ಎಲ್ಲರ ಹಿಂದೆ ಏದುಸಿರು ಬಿಡುತ್ತ ಅಶ್ವಥ್, ಭಾನುವಾರದ ಬನಿಯನ್ನಿನ ಮೇಲೆ ಅವಸರದಲ್ಲಿ ಸಿಕ್ಕಿಸಿಕೊಂಡ ಷರ್ಟಿನಲ್ಲಿ.

ಗುರುಸಿದ್ದಮ್ಮ ಬಂದವರೇ ಬಂಡೆಯ ನಟ್ಟನಡುವೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟರು.

"ಪರಮೇಶ, ನಿನ್ನ ಅಪ್ಪ ಈ ಊರ ನೀರು ಕುಡಿದೋನು. ಆ ಒರತೆ ಈ ಬಂಡೆ ಬುಡದಾಗೆ ಐತೆ, ನಮ್ಮ ಮನೆಗಳೂ ಅಲ್ಲೇ ಅವೆ. ಇಟ್ಟುಬಿಡು ನಿನ್ನ ಮದ್ದು. ಮೊದ್ಲು ನನ್ನ ಮೇಲೆ ಇಡು!"

"ಯಾವ ಮದ್ದವ್ವ?"

"ಯಾವ ಮದ್ದಾ? ಅಶ್ವಥಪ್ಪನ ಹತ್ರ ನೀನೇ ಹೇಳಿಲ್ವಾ, ಡ್ರಮ್ಮುಗಟ್ಲೆ ತರ್ತೀನಿ ಅಂತ? ಎಲ್ಲಿ ಆ ಹಂಸಿನಿ? ಹೆಣ್ಣು ಹೆಂಗಸಾಗಿ ಬೆಟ್ಟ ಸಿಡಿಸೋಕೆ ಬರ್ತಾಳೆ, ನಾಚಿಕೆ ಆಗಲ್ವಾ?"

ಹಂಸಿನಿ ಹುಬ್ಬು ಮೇಲೆತ್ತಿ ಎರಡು ಹೆಜ್ಜೆ ಮುಂದೆ ಬಂದಳು. "ನಾನೇ ಹಂಸಿನಿ ಅಜ್ಜಿ. ಡ್ರಮ್ಮು ಕೆಳಗೆ ಗಾಡಿಯಲ್ಲಿದೆ, ನೋಡ್ಬನ್ನಿ."

ಧೈರ್ಯಸ್ಥರು ಕೆಲವರು ಇಳಿದು ಹೋದರು. ಅಶ್ವಥ್ ಎಲ್ಲರನ್ನೂ ದೂರ ನಿಲ್ಲಿಸಿ, ತಾವೂ ಮರದ ಹಿಂದೆ ನಿಂತು, ಉದ್ದನೆಯ ಕೋಲಿನಿಂದ ಟಾರ್ಪಾಲಿನ ತುದಿ ಎತ್ತಿಸಿದರು. ಕೋಲು ಒಳಗೇನಕ್ಕೋ ತಗುಲಿತು. ಝಣ್ ಎಂದು ತಾಳದ ಸದ್ದು. ಅಶ್ವಥ್ ನೆಲಕ್ಕೆ ಬೋರಲು ಬಿದ್ದರು. ಅಷ್ಟರಲ್ಲಿ ಯಾರೋ ಟಾರ್ಪಾಲನ್ನು ಪೂರಾ ಎಳೆದರು. ಕೆಂಪು ಬಣ್ಣದ ಡ್ರಮ್ ಸೆಟ್ಟು, ಅದರ ಪಕ್ಕದಲ್ಲಿ ಪುಳಿಯೋಗರೆಯ ಡಬ್ಬ.

ಸುದ್ದಿ ಮೇಲೆ ಮುಟ್ಟಿದಾಗ ಎಲ್ಲರೂ ಪರಮೇಶಪ್ಪನವರ ಕಡೆ ತಿರುಗಿದರು. ಅಲ್ಲಿ ಒಂದು ಅಪರೂಪದ ಘಟನೆ ನಡೆಯಿತು. ಪರಮೇಶಪ್ಪ ಟೊಪ್ಪಿಗೆ ತೆಗೆದು, ಗಂಟಲು ಸರಿಮಾಡಿಕೊಂಡು, "ರಾಕ್ ಅಂದ್ರೆ ಏನು ಅಂತ ನನಗೆ ಗೊತ್ತಿರಲಿಲ್ಲ," ಎಂದರು. ರುದ್ರಮ್ಮ ಗಂಡನನ್ನು ದಿಟ್ಟಿಸಿ ನೋಡಿದರು. ಮದುವೆಯಾದಾಗಿನಿಂದ ಆಕೆ ಕಾಯುತ್ತಿದ್ದ ಮಾತದು, ಇಷ್ಟು ಜನರ ಮುಂದೆ ಕೇಳಬೇಕಾಯಿತಲ್ಲ ಎಂದು ಪಾಪ ಅನ್ನಿಸಿತು.

ಮೊದಲು ನಕ್ಕವರು ಗುರುಸಿದ್ದಮ್ಮ. ಆಕೆ ನಕ್ಕ ಮೇಲೆ ಊರೇ ನಕ್ಕಿತು. ನಗುತ್ತ ನಗುತ್ತ ಕೋಲು ಕತ್ತಿಗಳನ್ನೆಲ್ಲ ಬಂಡೆಯ ಮೇಲೆ ಚೆಲ್ಲಿ ಕೂತರು. ಜಲ್ಲಿಯ ಆಸೆಗೆ ಬಂದಿದ್ದ ರುದ್ರಮ್ಮನ ತಮ್ಮನೊಬ್ಬನೇ ನಗಲಿಲ್ಲ.

ಆಮೇಲೆ ಗುರುಸಿದ್ದಮ್ಮ ಷರತ್ತು ಹೇಳಿದರು. ಬಂಡೆಗೆ ಮೊಳೆ ಹೊಡೆಯಬಾರದು. ಚಪ್ಪಲಿ ಕೆಳಗೆ ಬಿಡಬೇಕು. ಒರತೆಗೆ ಎಂಜಲು ತಾಗಬಾರದು. ಎಲ್ಲಕ್ಕೂ ಪರಮೇಶಪ್ಪ ತಲೆಯಾಡಿಸಿದರು. ಡ್ರಮ್ಮುಗಳನ್ನು ಹೊತ್ತು ತಂದವರು ಅವುಗಳನ್ನು ಒಡೆಯಲು ಬಂದವರೇ.

ಶಿಶಿರ್‌ಗೆ ಮಾತ್ರ ಆ ಜನ ಹತ್ತಿ ಬಂದ ರಭಸ ಕಣ್ಣಿನಿಂದ ಹೋಗಿರಲಿಲ್ಲ. "ಅಂಕಲ್, ಇವರು ಇನ್ನೊಂದು ಸಲ ಹಾಗೇ ಕೂಗ್ತಾ ಬರ್ತಾರಾ ಕೇಳಿ," ಎಂದ. ಪ್ರೊಡಕ್ಷನ್ ಮ್ಯಾನೇಜರ್ ಕೇಳಿದರು. ಊರು ಸಂತೋಷವಾಗಿ ಕೆಳಗಿಳಿದು ಮತ್ತೆ ಹತ್ತಿತು. ಆದರೆ ಈ ಸಲ ಹೆಂಗಸರು ತಲೆ ಬಾಚಿಕೊಂಡಿದ್ದರು, ಗಂಡಸರು ಪಂಚೆ ಬಿಚ್ಚಿ ನೀಟಾಗಿ ಉಟ್ಟಿದ್ದರು, ಎಲ್ಲರೂ ಕ್ಯಾಮೆರಾ ನೋಡಿ ಹಲ್ಲು ಬಿಡುತ್ತ ನಿಬ್ಬಣದವರ ಹಾಗೆ ಬಂದರು.

"ನಗಬೇಡ್ರೋ!" ಎಂದು ಗದರಿಸಿದರು ಗುರುಸಿದ್ದಮ್ಮ. "ಬಂಡೆ ಹೋಗ್ತಾ ಐತೆ ಅಂತ ತಿಳ್ಕೊಂಡು ಬರ್ರಿ. ಬೆಳಗ್ಗೆ ಹೆಂಗೆ ಹೊಟ್ಟೆ ಉರಿದಿತ್ತು, ಹಂಗೆ!" ಹೇಳಿದ್ದಲ್ಲದೆ ತಾವೇ ಮುಂದೆ ನಿಂತು ಆನೆ ಓಡಿಸುವ ಕೂಗು ತೆಗೆದರು. ಅದು ಎದುರು ಬೆಟ್ಟಕ್ಕೆ ಬಡಿದು ವಾಪಸು ಬಂತು. ಕೀರ್ತಿಕುಮಾರ್ ಮೈಮೇಲೆ ಕೂದಲು ನಿಂತದ್ದನ್ನು ಎಲ್ಲರಿಗೂ ತೋಳು ಚಾಚಿ ತೋರಿಸಿದ. ಅಶ್ವಥ್ ಕೂಡ ಯಾರದೋ ಕೋಲು ಇಸಿದುಕೊಂಡು ಗುಂಪಿನಲ್ಲಿ ಸೇರಿಕೊಂಡಿದ್ದರು.

ಬಳಿಕ ಬ್ಯಾಂಡಿನವರ ಸರದಿ. ಜನರನ್ನು ಕ್ಯಾಮೆರಾಕ್ಕೆ ಕಾಣದಂತೆ ಇಳಿಜಾರಿನಲ್ಲಿ ಕೂರಿಸಿ ಪರಮೇಶಪ್ಪ ಹಗ್ಗ ಕಟ್ಟಿ ಕಾವಲು ನಿಂತರು. ಮಕ್ಕಳು ದುಡಿದದ್ದನ್ನು ನೋಡಬೇಕಿತ್ತು. ಒಂದೇ ಸಾಲನ್ನು ಬಿಸಿಲಿನಲ್ಲಿ ನಿಂತು ಮತ್ತೆ ಮತ್ತೆ ಮಾಡುವುದು. ಮೋಡ ಬಂದರೆ ಕಾಯುವುದು. ಹೋದರೆ ಮತ್ತೆ ಮೊದಲಿಂದ. ಹಂಸಿನಿಯ ಬೆರಳು ಸುಲಿಯಿತು, ಅರಿಶಿನ ಮೆತ್ತಿಕೊಂಡು ಮತ್ತೆ ಕೂತಳು. ಒಬ್ಬರೂ ಸಾಕು ಎನ್ನಲಿಲ್ಲ. ಇಳಿಜಾರಿನಲ್ಲಿದ್ದವರಿಗೆ ಗಾಳಿಯ ಸದ್ದು ಬಿಟ್ಟರೆ ಏನೂ ಕೇಳುತ್ತಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಶಿಶಿರ್ "ಮುಗೀತು" ಎಂದ. ಗುರುಸಿದ್ದಮ್ಮ ಹಗ್ಗ ದಾಟಿ ಬಂದು ಡ್ರಮ್ಮಿನ ಮೇಲೆ ಹಾಸಿದ್ದ ಬಟ್ಟೆಯನ್ನು ಎರಡು ಬೆರಳಿನಿಂದ ಎತ್ತಿದರು.

"ಇದೇನು ಮಗ, ಬಾಯಿಗೆ ಬಟ್ಟೆ ಕಟ್ಟಿದೀರಿ?"

"ಹಾಡು ಮೊದಲೇ ರೆಕಾರ್ಡ್ ಆಗಿದೆ ಅಜ್ಜಿ," ಎಂದಳು ಸುಧಾ, ಕಾಲ ಬಳಿಯ ಪುಟ್ಟ ಸ್ಪೀಕರ್ ತೋರಿಸಿ. "ನಾವು ಅದಕ್ಕೆ ಸರಿಯಾಗಿ ಬಾಯಾಡಿಸೋದು, ಬಾರಿಸಿದ ಹಾಗೆ ಮಾಡೋದು."

"ಅಂದ್ರೆ, ನಾವು ಗಂಟಲು ಹರ್ಕೊಂಡು ಕೂಗಿದ್ದು ನಿಜ. ನೀವು ಬಾರಿಸಿದ್ದು ಸುಳ್ಳಾ?"

ಮಕ್ಕಳು ತಲೆ ತಗ್ಗಿಸಿದರು. ಪರಮೇಶಪ್ಪನವರಿಗೂ ಆಗಲೇ ಹೊಳೆದದ್ದು: ವಾರದಿಂದ ಇದಕ್ಕಾಗಿ ಓಡಾಡಿದ ತಾನು ಆ ಹಾಡನ್ನು ಒಂದು ಸಲವೂ ಕೇಳಿಲ್ಲ.

"ನಿಜವಾಗಿ ಬಾರಿಸ್ಬೋದಾ ಇಲ್ಲಿ?" ಎಂದು ಮಗಳನ್ನು ಕೇಳಿದರು.

"ಕರೆಂಟು ಬೇಕಲ್ಲಪ್ಪ."

ಪರಮೇಶಪ್ಪ ಅಷ್ಟರಲ್ಲಾಗಲೇ ಇಳಿಜಾರಿನಲ್ಲಿದ್ದರು. ಜನರೇಟರನ್ನು ಅವರೂ, ಭಾವಮೈದನೂ, ಅಶ್ವಥ್ ಅವರೂ ಸೇರಿ ಹೊತ್ತು ತಂದರು. ವಿಡಿಯೊದಲ್ಲಿ ಕಾಣಲೆಂದು ಇಟ್ಟಿದ್ದ ಆಂಪ್ಲಿಫೈಯರಿಗೂ ಮೈಕಿಗೂ ತಂತಿಗಳು ಸೇರಿದವು. ಹಂಸಿನಿ ಬಟ್ಟೆ ಕಿತ್ತೆಸೆದಳು. ದೊಡ್ಡ ಡ್ರಮ್ಮಿನ ಮೊದಲ ಏಟಿಗೆ ಬಂಡೆಯೊಳಗಿಂದ ಸದ್ದು ಎದ್ದು ಕೂತವರ ಮೈಗೆಲ್ಲ ಹತ್ತಿತು. ಕೀರ್ತಿಕುಮಾರನ ಗಿಟಾರು ಹರಿತವಾಗಿ ಕೂಗಿತು. ಸುಧಾ ಕಣ್ಣು ಮುಚ್ಚಿ ಹಾಡಿದಳು.

*ಗುಡ್ಡವೇ ಗುಡ್ಡವೇ, ಒಂಚೂರು ನಿಲ್ಲು,*
*ನಮ್ಮ ಮನೆ ಇನ್ನೂ ಕೆಳಗೈತೆ.*
*ಒಲೆ ಮೇಲೆ ಅನ್ನ, ತೊಟ್ಟಿಲಲ್ಲಿ ತಮ್ಮ,*
*ಒಂಚೂರು ನಿಲ್ಲು, ನಿಲ್ಲು.*

ಅದು ಹಂಸಿನಿ ಬರೆದ ಹಾಡು. ಅವಳ ಮನೆಯ ಹಿಂದಿನ ಗುಡ್ಡ ಮಳೆಗೆ ಜರಿದಾಗ ಅವಳು ಹೈಸ್ಕೂಲಿನಲ್ಲಿದ್ದಳು. 'ನಿಲ್ಲು' ಎನ್ನುವಾಗ ಸುಧಾ ಹಾಡುತ್ತಿರಲಿಲ್ಲ, ಬೆಟ್ಟದ ಮುಖಕ್ಕೇ ಕೂಗುತ್ತಿದ್ದಳು. ನೇರಳೆಕೊಪ್ಪಲಿನವರು ತಮ್ಮ ಊರ ಕಡೆ ತಿರುಗಿ ನೋಡಿದರು. ಅವರ ಮನೆಗಳೆಲ್ಲ ಅಲ್ಲೇ ಕೆಳಗೆ ಕಾಣುತ್ತಿದ್ದವು, ಒಂದೆರಡರಲ್ಲಿ ಹೊಗೆ ಏಳುತ್ತಿತ್ತು. ಪರಮೇಶಪ್ಪ ಜನರೇಟರಿನ ಪಕ್ಕ ನಿಂತು ಬಾಯಿ ತೆರೆದುಕೊಂಡು ಮಗಳನ್ನೇ ನೋಡುತ್ತಿದ್ದರು. ರುದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ಜನರೇಟರ್ ಹೊಗೆ" ಎಂದು ಪಕ್ಕದವರಿಗೆ ಹೇಳಿದರು.

ಹಾಡು ನಿಂತಿತು. ಗಾಳಿ ಮಾತ್ರ ಬೀಸುತ್ತಿತ್ತು. ಚೆನ್ನಾಗಿಲ್ಲವೇನೋ ಎಂದು ನಾಲ್ವರೂ ಹೆದರಿ ನಿಂತರು.

ಗುರುಸಿದ್ದಮ್ಮ ಮುಂದಕ್ಕೆ ಸರಿದು ಕೂತು ಕೇಳಿದರು: "ಇನ್ನೊಂದು ಬರ್ತದಾ?"

"ಇಲ್ಲ ಅಜ್ಜಿ," ಎಂದಳು ಸುಧಾ. "ನಮ್ಮ ಹತ್ರ ಇರೋದು ಇದೊಂದೇ ಹಾಡು."

"ಹಂಗಾರೆ ಅದನ್ನೇ ಹಾಡಿ."

ಪರಮೇಶಪ್ಪ ಪೆಟ್ರೋಲು ಕ್ಯಾನು ಅಲ್ಲಾಡಿಸಿ ನೋಡಿದರು. ಬೇಕಾದಷ್ಟಿತ್ತು.